ಆರ್‌ವಿ ಪ್ರವಾಸಕ್ಕೆ ಪುಟ್ಟ ಬಾರ್ ಕಟ್ಟಿಕೊಳ್ಳುವುದು ಹೇಗೆ? ಹೋಗಿಬಂದವರು ಹೇಳಿ

ಕೇಳಿದವರು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಐವತ್ತು ದಾಟಿದವರು. ಚಿಕ್ಕ ಮಗಳೂ ಕಾಲೇಜಿಗೆ ಹೋದಳು, ಮನೆ ಬಿಕೋ ಅನ್ನುತ್ತಿದೆ. ಸೆಪ್ಟೆಂಬರ್‌ನಲ್ಲಿ 25 ಅಡಿಯ ಆರ್‌ವಿ (ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿ) ಬಾಡಿಗೆಗೆ ತೆಗೆದುಕೊಂಡು ಒಂದು ತಿಂಗಳು ಸುತ್ತುವ ಯೋಚನೆ. ಕೆಂಟಕಿ, ಕೊಲರಾಡೊ, ಯೂಟಾ, ಅರಿಜೋನ. ಗಾಡಿ ಇಬ್ಬರೂ ಓಡಿಸುತ್ತೇವೆ. ಸಂಜೆ ಇಬ್ಬರೂ ಒಂದೊಂದು ಡ್ರಿಂಕ್ ತೆಗೆದುಕೊಳ್ಳುತ್ತೇವೆ. ಇವರಿಗೆ ಲಾಕ್‌ಡೌನ್ ಟೈಮಲ್ಲಿ ಕಾಕ್‌ಟೇಲ್ ಮಾಡುವ ಹುಚ್ಚು ಹತ್ತಿತು. ಈಗ ಅಡುಗೆಮನೆಯ ಒಂದು ಕಪಾಟು ಪೂರ್ತಿ ಅವರದೇ. 22 ಬಾಟಲಿಯನ್ನೂ ತರುತ್ತೇನೆ ಎಂದು ಹಟ. ನಾನು ಐದು ಸಾಕು ಎನ್ನುತ್ತಿದ್ದೇನೆ. ಬಾಟಲಿ ಒಡೆಯದ ಹಾಗೆ ಇಡುವುದು ಹೇಗೆ? ಐಸ್‌ಗೆ ಏನು ಮಾಡುತ್ತೀರಿ? ಕಾನೂನಿನ ಕಾಟ ಏನಾದರೂ ಇದೆಯಾ?

ಮಿಶಿಗನ್‌ನಿಂದ

ಅಕ್ಕ, ಐದೇ ಸರಿ. ಭಾವನವರು ಬೇಜಾರು ಮಾಡಿಕೊಳ್ಳಬಾರದು, ನಾನೂ ಮೊದಲ ಸಲ 14 ಬಾಟಲಿ ಹೊತ್ತುಕೊಂಡು ಹೋದವನೇ. ತೆರೆದದ್ದು ನಾಲ್ಕು.

ಲೆಕ್ಕ ಹೀಗೆ: ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ), ಜಿನ್, ಕೆಂಪು ಸಿಹಿ ವರ್ಮತ್ (ಗಿಡಮೂಲಿಕೆ ಸೇರಿಸಿದ ವೈನ್), ಕಂಪಾರಿ (ಕಹಿಯಾದ ಕೆಂಪು ಮದ್ಯ), ಜೊತೆಗೊಂದು ಸಣ್ಣ ಬಿಟರ್ಸ್ ಸೀಸೆ (ಹನಿ ಹನಿಯಾಗಿ ಹಾಕುವ ಕಹಿ ಸಾರ). ಬರ್ಬನ್, ವರ್ಮತ್, ಬಿಟರ್ಸ್ ಸೇರಿದರೆ ಮ್ಯಾನ್‌ಹ್ಯಾಟನ್. ಜಿನ್, ವರ್ಮತ್, ಕಂಪಾರಿ ಸೇರಿದರೆ ನೆಗ್ರೋನಿ. ಅದರಲ್ಲಿ ಜಿನ್ ಬದಲು ಬರ್ಬನ್ ಹಾಕಿದರೆ ಬೂಲ್ವಾರ್ಡಿಯೆ. ಬರ್ಬನ್‌ಗೆ ಸಕ್ಕರೆ, ಬಿಟರ್ಸ್ ಹಾಕಿದರೆ ಓಲ್ಡ್ ಫ್ಯಾಶನ್ಡ್. ನಾವು ಸಕ್ಕರೆ ಬದಲು ಬೆಲ್ಲದ ಪಾಕ ಹಾಕುತ್ತೇವೆ. ಒಂದು ಸಲ ಹಾಗೆ ಕುಡಿದ ಮೇಲೆ ಸಕ್ಕರೆಯದು ಸಪ್ಪೆ ಅನಿಸುತ್ತೆ.

ವರ್ಮತ್ ಮಾತ್ರ ಹುಷಾರು. ಅದು ಹುಟ್ಟಾ ವೈನ್. ತೆರೆದ ಮೇಲೆ ಫ್ರಿಜ್‌ನಲ್ಲೇ ಇರಬೇಕು, ಹೊರಗಿಟ್ಟರೆ ಕೆಡುತ್ತದೆ. 375 ಎಂಎಲ್‌ನ ಅರ್ಧ ಬಾಟಲಿ ತೆಗೆದುಕೊಳ್ಳಿ.

ಇನ್ನು ಐಸ್. ಆರ್‌ವಿ ಫ್ರೀಜರ್ ಅಂದರೆ ಚಪ್ಪಲಿ ಡಬ್ಬಿಯಷ್ಟು. ಟ್ರೇ ಇಟ್ಟು ಗಾಡಿ ಓಡಿಸಿದರೆ ಒಳಗೆಲ್ಲಾ ನೀರು. ಗಾಡಿಯ ಟ್ಯಾಂಕ್ ನೀರಲ್ಲಿ ಐಸ್ ಮಾಡಿದರೆ ಪೈಪಿನ ವಾಸನೆ, ಒಳ್ಳೆ ವಿಸ್ಕಿಗೆ ಅನ್ಯಾಯ. ಅದಕ್ಕೆ ನಾವು ಐಸೇ ಬೇಡದ ದಾರಿ ಹಿಡಿದೆವು. ಮ್ಯಾನ್‌ಹ್ಯಾಟನ್ ಆದರೆ, ಖಾಲಿ 750 ಎಂಎಲ್ ಬಾಟಲಿಗೆ 400 ಎಂಎಲ್ ಬರ್ಬನ್, 200 ವರ್ಮತ್, ಹನ್ನೆರಡು ಹದಿಮೂರು ಸಲ ಚಿಮುಕಿಸಿದ ಬಿಟರ್ಸ್, ಮೇಲೆ 150 ಒಳ್ಳೆ ನೀರು. ನೀರು ನೋಡಿ ಗಾಬರಿಯಾಗಬೇಡಿ. ಐಸ್ ಹಾಕಿ ಕಲಕಿದಾಗ ಹೆಚ್ಚುಕಡಿಮೆ ಅಷ್ಟೇ ನೀರು ಕರಗಿ ಸೇರುತ್ತದೆ. ಫ್ರಿಜ್‌ನಲ್ಲಿಟ್ಟು ಸಂಜೆ ಸುಮ್ನೆ ಬಗ್ಗಿಸಿಕೊಳ್ಳುವುದು, ಅಷ್ಟೇ. ಆರೇಳು ಡ್ರಿಂಕ್ ಬರುತ್ತೆ. ನಿಂಬೆರಸ ಇರುವುದನ್ನು ಮಾತ್ರ ಹೀಗೆ ಕಲಸಿಡಬೇಡಿ, ಮಾರನೇ ದಿನಕ್ಕೆ ರುಚಿ ಕೆಡುತ್ತದೆ.

ಗಾಜಿನ ಗ್ಲಾಸ್ ಒಂದೂ ಬೇಡ. ಕಾಫಿಯ ಸ್ಟೀಲ್ ಲೋಟದಲ್ಲೇ ಕುಡಿಯಿರಿ. ತಣ್ಣಗೂ ಇರುತ್ತದೆ, ಬಿದ್ದರೂ ಚಿಂತೆಯಿಲ್ಲ. ಬಾಟಲಿಗೆ ಹಳೇ ಉಲ್ಲನ್ ಕಾಲುಚೀಲ ತೊಡಿಸಿ ಕೆಳಗಿನ ಕಪಾಟಿನಲ್ಲೇ ಇಡಿ. ಮೇಲಿನ ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ಊರಿಂದ ಅತ್ತೆ ಕಳಿಸಿದ್ದ ಪುನರ್ಪುಳಿ ಸಿರಪ್ಪು, ತಿರುವಿನಲ್ಲಿ ಬಾಗಿಲು ತೆರೆದುಕೊಂಡು ಸೀದಾ ಸೀಟಿನ ಮೇಲೆ. ಕೊಲೆ ನಡೆದ ಜಾಗದ ಹಾಗಿತ್ತು. ಬಾಡಿಗೆಯ ಡಿಪಾಸಿಟ್ ಹೋಯಿತು. ಸಿರಪ್ ಹೋದದ್ದಕ್ಕೆ ಮನೆಯಾಕೆ ಈಗಲೂ ಹೇಳಿ ತೋರಿಸುತ್ತಾಳೆ.

ಕೊಲರಾಡೊದಲ್ಲಿ ಗಾಡಿ ಬೆಟ್ಟ ಹತ್ತಿದ ಹಾಗೆ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದೆ, ಟಾನಿಕ್ ವಾಟರ್ (ಜಿನ್‌ಗೆ ಬೆರೆಸುವ ಸೋಡಾ) ಬಾಟಲಿ ಬುಸ್ ಎನ್ನುತ್ತದೆ. ನಿಧಾನ ತೆರೆಯಿರಿ. ಲೆಡ್‌ವಿಲ್ ಊರು 10,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿ ಮೊದಲ ದಿನ ನೀರೇ ಕುಡಿಯಿರಿ, ನಮಗೆ ಒಂದು ಡ್ರಿಂಕಿಗೇ ತಲೆ ಹಿಡಿದಿತ್ತು.

ಅರಿಜೋನದಿಂದ

ಕಾನೂನು ಕೇಳಿದ್ದೀರಿ, ಯಾರೂ ಹೇಳಲಿಲ್ಲ. ಸೀಲ್ ಒಡೆದ ಬಾಟಲಿ ಡ್ರೈವರ್ ಕೈಗೆ ಸಿಗುವಂತೆ ಇದ್ದರೆ ಹೆಚ್ಚಿನ ರಾಜ್ಯಗಳಲ್ಲಿ ತಪ್ಪು. ಮುಚ್ಚಳ ಹಾಕಿದ್ದರೂ ಅದು ತೆರೆದ ಬಾಟಲಿಯೇ. ಹಿಂದೆ ಕೂತವರು ಕುಡಿಯಬಹುದು ಎಂದು ಕೆಲವು ರಾಜ್ಯಗಳು ಬಿಡುತ್ತವೆ, ಆದರೆ ಗಡಿ ದಾಟಿದಾಗಲೆಲ್ಲಾ ರೂಲ್ಸ್ ಓದುತ್ತಾ ಕೂರುವವರು ಯಾರು? ಹೊರಗಿಂದ ತೆರೆಯುವ ಸಾಮಾನಿನ ಗೂಡಿಗೆ ಹಾಕಿ ಬೀಗ ಜಡಿಯಿರಿ.

ಯೂಟಾದಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿನ ಮದ್ಯದ ಮಿತಿ 0.05%. ನಿಮ್ಮ ದಾರಿಯ ಉಳಿದ ರಾಜ್ಯಗಳಲ್ಲಿ 0.08%, ಆದರೆ ಕೊಲರಾಡೊದಲ್ಲಿ 0.05% ದಾಟಿದರೂ ಕೇಸ್ ಆಗಬಹುದು. ಯೂಟಾದಲ್ಲಿ ವಿಸ್ಕಿ, ಜಿನ್ ಸಿಗುವುದು ಸರ್ಕಾರದ ಅಂಗಡಿಯಲ್ಲಿ, ಭಾನುವಾರ ಅದೂ ಬಂದ್. ದಿನಸಿ ಅಂಗಡಿಯಲ್ಲಿ 5% ವರೆಗಿನ ಬಿಯರ್ ಮಾತ್ರ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಮಾನ್ಯುಮೆಂಟ್ ವ್ಯಾಲಿಗೆ ಹೋಗೇ ಹೋಗುತ್ತೀರಿ ಅಲ್ವಾ? ಅದು ನವಾಹೋ ಎಂಬ ಮೂಲನಿವಾಸಿಗಳ ನೆಲ. ಅಲ್ಲಿ ಮದ್ಯ ಮಾರುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ನಿಷೇಧ. ಅವರ ಮನೆ, ಅವರ ನಿಯಮ. ಹಾಗಾಗಿ ಯೂಟಾದ ಮೋಆಬ್ ಊರಿನಲ್ಲೇ ಉಳಿದದ್ದನ್ನೆಲ್ಲ ಯಾರಿಗಾದರೂ ಕೊಟ್ಟು ಹೊರಡಿ, ಆಮೇಲೆ ಅರಿಜೋನದ ಪೇಜ್ ಅಥವಾ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಹೊಸದು ಕೊಳ್ಳಿ. 22 ಬಾಟಲಿ ಇದ್ದರೆ ಏನು ಮಾಡುತ್ತೀರಿ? ನಾವು ಅರ್ಧ ಬಾಟಲಿ ಜಿನ್ ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಸೈಟಿನ ಅಜ್ಜನಿಗೆ ಕೊಟ್ಟೆವು. ಅವರು ಒಂದು ಹೊರೆ ಸೌದೆ ಕೊಟ್ಟರು.

ಓಹಾಯೋದಿಂದ

ಕೆಂಟಕಿಯಲ್ಲಿ ಬಾರ್ಡ್ಸ್‌ಟೌನ್ ಊರಲ್ಲಿ ಠಿಕಾಣಿ ಹಾಕಿ. ಅಲ್ಲಿನ ಸ್ಟೇಟ್ ಪಾರ್ಕಿನಲ್ಲೇ ಕ್ಯಾಂಪ್‌ಗ್ರೌಂಡ್ ಇದೆ. ಬರ್ಬನ್ ತಯಾರಿಸುವ ಡಿಸ್ಟಿಲರಿಗಳ ಟೂರ್ ಮುಂಚೆಯೇ ಬುಕ್ ಮಾಡಿ, ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಗಾಡಿ ನಿಲ್ಲಿಸಿಟ್ಟು ಟೂರ್ ವ್ಯಾನ್ ಹಿಡಿಯಿರಿ. ರುಚಿಗೆ ಕೊಡುವುದು ಗುಟುಕು ಗುಟುಕೇ ಆದರೂ ಅದೂ ಎಣ್ಣೆಯೇ.

ಲೊರೆಟ್ಟೊದ ಮೇಕರ್ಸ್ ಮಾರ್ಕ್ ಡಿಸ್ಟಿಲರಿಯಲ್ಲಿ ನೀವು ಕೊಂಡ ಬಾಟಲಿಯನ್ನು ನೀವೇ ಕೆಂಪು ಮೇಣದಲ್ಲಿ ಅದ್ದಬಹುದು. ಮಕ್ಕಳಾಟ, ಆದರೆ ಖುಷಿ. ಬರ್ಬನ್ ಎನಿಸಿಕೊಳ್ಳಲು ಕನಿಷ್ಠ 51% ಜೋಳ ಇರಬೇಕು, ನಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವ ಹಾಗಿಲ್ಲ. ಅದು ಸ್ಕಾಟ್ಲೆಂಡಿಗೆ ಹೋಗುತ್ತದೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತದೆ. ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಿನಲ್ಲಿ 10ರಿಂದ 12%. ಇದನ್ನು ಕೇಳಿ ನಮ್ಮವರು, "ನಮ್ಮೂರ ದೇವತೆಗಳಿಗೆ ಬಾಯಾರಿಕೆ ಜಾಸ್ತಿ ಕಣೇ" ಎಂದರು.

ನೆಂಚಿಕೊಳ್ಳಲು ಕಾಂಗ್ರೆಸ್ ಕಡಲೆಕಾಯಿ ಮರೆಯಬೇಡಿ. ಓಲ್ಡ್ ಫ್ಯಾಶನ್ಡ್ ಜೊತೆ ಅದಕ್ಕೆ ಸಾಟಿಯೇ ಇಲ್ಲ.

ಟೆಕ್ಸಾಸ್‌ನಿಂದ

ಬಾಟಲಿ, ಐಸ್ ಎಲ್ಲಾ ಆಯಿತು. ನೀವಿಬ್ಬರೂ ಒಂದೇ ಸಂಜೆ ಕುಡಿಯುತ್ತೀರಾ? ನಾನು ಕೇಳುವುದು ಇದೊಂದೇ.

ಎರಡು ವರ್ಷದ ಹಿಂದೆ ನಾವು ಯೂಟಾದಲ್ಲಿದ್ದೆವು, ಇದೇ ಸೆಪ್ಟೆಂಬರ್. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರು. ಎಲ್ಲೋ ಮೇಲೆ ಮಳೆ ಬಂದು ಹಳ್ಳ ಏರುತ್ತಿದೆ, ಗಾಡಿ ತೆಗೆದು ದಿಬ್ಬಕ್ಕೆ ಹೋಗಿ ಎಂದರು. ನಮ್ಮ ತಲೆ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಇಬ್ಬರೂ ಎರಡೆರಡು ಹಾಕಿ ಮಲಗಿದ್ದೆವು. ಗಾಡಿ ಓಡಿಸಿದರೆ ಒಂದು ತಪ್ಪು, ಓಡಿಸದಿದ್ದರೆ ಇನ್ನೊಂದು. ಕಡೆಗೆ ಪಕ್ಕದ ಸೈಟಿನ ಹೆಂಗಸು ನಮ್ಮ ಗಾಡಿ ತೆಗೆದುಕೊಟ್ಟರು. ಆಕೆ 70 ದಾಟಿದವರು, ರಾತ್ರಿಯ ಉಡುಪಿನಲ್ಲೇ ಬಂದಿದ್ದರು. ನಾಚಿಕೆಯಾಯಿತು.

ಅಂದಿನಿಂದ ಕುಡಿಯುವುದಕ್ಕೆ ಪಾಳಿ. ಒಂದು ದಿನ ನಮ್ಮನೆಯವರು, ಒಂದು ದಿನ ನಾನು. ಪಾಳಿ ಇಲ್ಲದವರಿಗೆ ಪುನರ್ಪುಳಿ, ಸೋಡಾ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ. ಅದನ್ನೂ ಅದೇ ಲೋಟದಲ್ಲಿ, ಅಷ್ಟೇ ಶಾಸ್ತ್ರವಾಗಿ ಮಾಡಿಕೊಡುತ್ತಾರೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮುಂಚೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

ಕೇಳಿದವರು, ನ್ಯೂಜೆರ್ಸಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಇವರಿಗೆ ಓದಿ ಹೇಳಿದೆ. ಹಳ್ಳದ ಕತೆಗೆ ಸುಮ್ಮನಾದರು. ಪಾಳಿಗೆ ಒಪ್ಪಿದ್ದಾರೆ, ಮೊದಲ ದಿನ ತಮ್ಮದೇ ಎಂಬ ಷರತ್ತಿನ ಮೇಲೆ. ಕಾಲುಚೀಲ ಹುಡುಕುತ್ತಿದ್ದಾರೆ. 22 ಬಾಟಲಿ ಈಗ ಆರಕ್ಕೆ ಇಳಿದಿದೆ. ಆರನೆಯದು ಯಾವುದು ಎಂದು ಕೇಳಿದರೆ ಮಾತ್ರ ಹೇಳುತ್ತಿಲ್ಲ.