ಗಿಟಾರ್ ಆಂಪ್ಲಿಫೈಯರ್‌ನ ಹರಿದ ರೆಕ್ಸಿನ್ ಹೊದಿಕೆಯನ್ನು ಸರಿಪಡಿಸುವುದು ಹೇಗೆ?

ತಂತಿಮನೆ:
ಮನೆ ಬದಲಿಸುವಾಗ ನನ್ನ ಫೆಂಡರ್ ಬ್ಲೂಸ್ ಜೂನಿಯರ್ ಆಂಪ್ ಟೆಂಪೋದ ಕಬ್ಬಿಣದ ಅಂಚಿಗೆ ಉಜ್ಜಿ, ಬಲಬದಿಯ ಕಪ್ಪು ಹೊದಿಕೆ ಸುಮಾರು 3 ಅಂಗುಲ ಹರಿದು ನಾಲಿಗೆಯಂತೆ ಜೋತುಬಿದ್ದಿದೆ. ತುಂಡು ಕಳೆದಿಲ್ಲ, ಆದರೆ ಅಂಚು ಸುರುಳಿಕೊಂಡಿದೆ. ಸೂಪರ್ ಗ್ಲೂ ಹಾಕಿ ಒತ್ತಿಬಿಡಬಹುದೇ, ಇಡೀ ಬದಿಯ ಹೊದಿಕೆಯನ್ನೇ ಬದಲಿಸಬೇಕೇ?

ಹಳೆ ವಾಲ್ವು:
ಬದಲಿಸಬೇಕಾಗಿಲ್ಲ. ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸಾಗುತ್ತದೆ, ಸುತ್ತಲಿನ ರೆಕ್ಸಿನ್ ಮೇಲೆ ಬೂದಿಯಂಥ ಬಿಳಿಚು ಮೂಡಿಸುತ್ತದೆ. ಸೋಫಾ ಕೆಲಸದವರು ಬಳಸುವ ರಬ್ಬರ್ ಅಂಟನ್ನು, ಉದಾಹರಣೆಗೆ ಫೆವಿಕಾಲ್ ಎಸ್‌ಆರ್ 998 ಅನ್ನು, ತೆಗೆದುಕೊಳ್ಳಿ. ಸುರುಳಿಗೊಂಡ ಅಂಚನ್ನು ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಮಾಡಿ ಚಪ್ಪಟೆಗೊಳಿಸಿದ ಬಳಿಕ, ಮರಕ್ಕೂ ರೆಕ್ಸಿನ್‌ನ ಹಿಂಬದಿಗೂ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಆರುವವರೆಗೆ 10–15 ನಿಮಿಷ ಕಾದು, ಬುಡದಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಹಿಂದೆ ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಪಾಲಿಶ್ ಬಳಿದಿದ್ದರೆ ಮೊದಲು ಅದನ್ನು ಪೂರ್ತಿ ಒರೆಸಿ ತೆಗೆಯಿರಿ; ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಉಳಿಪೆಟ್ಟು:
ರಬ್ಬರ್ ಅಂಟಿನ ತೊಂದರೆಯೆಂದರೆ, ಎರಡು ಮೈಗಳು ಒಮ್ಮೆ ತಾಗಿದವೆಂದರೆ ಮತ್ತೆ ಸರಿಸಲಾಗದು. ಈ ಹೊದಿಕೆಯ ಹಿಂಬದಿ ಬಟ್ಟೆ, ಕೆಳಗಿರುವುದು ಮರ. ಹೀಗಾಗಿ ಇಷ್ಟು ಸಣ್ಣ ಹರಕಿಗೆ ಬಡಗಿಗಳ ಬಿಳಿ ಫೆವಿಕಾಲೇ ವಾಸಿ ಎಂದು ನನ್ನ ಅನುಭವ. ಅಂಚಿಗೆ ಅಂಚು ಕೂಡುವವರೆಗೆ ನಿಧಾನವಾಗಿ ಜಾರಿಸಿ, ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಒಂದು ದಿನ ಭಾರ ಹೇರಿ. ಕೆಳಗಿನ ಹಲಗೆ ಪುಡಿ ಉದುರಿಸುತ್ತಿದ್ದರೆ ಮಾತ್ರ, ಅಲ್ಲಿಗೆ ಎರಡು ಹನಿ ತೆಳು ಸೂಪರ್ ಗ್ಲೂ ಇಂಗಿಸಿ ಗಟ್ಟಿಮಾಡಿಕೊಳ್ಳಬಹುದು. ಈ ಕೆಲಸಕ್ಕೆ ಷಾಸಿ (ಒಳಗಿನ ವಿದ್ಯುತ್ ಭಾಗಗಳನ್ನು ಹೊತ್ತ ಲೋಹದ ಚೌಕಟ್ಟು) ಬಿಚ್ಚಲೇಬೇಡಿ. ನಿಮ್ಮದರಂಥ ವಾಲ್ವ್ (ಗಾಜಿನ ನಿರ್ವಾತ ಕೊಳವೆಯ) ಆಂಪ್‌ನಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಉಳಿದಿರಬಹುದು.

ತಂತಿಮನೆ:
ಬಿಳಿ ಫೆವಿಕಾಲನ್ನೇ ಬಳಸಿ, ರಾತ್ರಿಯಿಡೀ ಎರಡು ಇಟ್ಟಿಗೆ ಹೇರಿದ್ದೆ. ಚೆನ್ನಾಗಿ ಕುಳಿತಿದೆ. ಅಂಚು ಸ್ವಲ್ಪ ಕುಗ್ಗಿದ್ದರಿಂದ ಕೂದಲೆಳೆಯಷ್ಟು ಮರ ಬೆಳ್ಳಗೆ ಕಾಣುತ್ತಿದೆ. ಮಾರ್ಕರ್ ಸಾಕೇ?

ಹಳೆ ವಾಲ್ವು:
ಮಾರ್ಕರ್ ಕೆಲವು ತಿಂಗಳಲ್ಲಿ ನೇರಳೆಗೆ ತಿರುಗುತ್ತದೆ. ಕಡ್ಡಿಯ ತುದಿಯಿಂದ ಕಪ್ಪು ಅಕ್ರಿಲಿಕ್ ಬಣ್ಣ ತುಂಬಿ, ಹೆಚ್ಚಾದದ್ದನ್ನು ಒಣಗುವ ಮುನ್ನ ಒರೆಸಿಬಿಡಿ.