ಅಂಬಾಸಡರ್: ನಿಲ್ಲಿಸಿದ ಕಡೆ ಕೂಲೆಂಟ್ ಸೋರುತ್ತಿದೆ

ಪ್ರಶ್ನೆ: ನಮಸ್ಕಾರ. ಅಪ್ಪನ ಅಂಬಾಸಡರ್, 1489 ಸಿಸಿ ಪೆಟ್ರೋಲ್. ಬೆಳಿಗ್ಗೆ ಎದ್ದು ನೋಡಿದರೆ ಇಂಜಿನ್ ಮುಂಭಾಗದ ಕೆಳಗೆ ಹಸಿರು ನೀರು ಬಿದ್ದಿರುತ್ತದೆ. ಹೋಸ್ ಎಲ್ಲ ಹೊಸದು, ಕ್ಲಿಪ್ ಕೂಡ ಬಿಗಿ ಇದೆ. ಗಾಡಿ ಬಿಸಿ ಆಗ್ತಿಲ್ಲ. ಮೆಕ್ಯಾನಿಕ್ ಹೆಡ್ (ಇಂಜಿನ್‌ನ ಮೇಲ್ಭಾಗ) ಇಳಿಸಬೇಕು ಅಂತಾರೆ. ಇನ್ನೊಬ್ಬರು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿ, ನಿಂತುಹೋಗುತ್ತೆ ಅಂದರು. ಏನು ಮಾಡಲಿ?

ಉತ್ತರ: ಹೆಡ್ ಈಗಲೇ ಇಳಿಸಬೇಡಿ ಸರ್. ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದೆಯಾ? ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರ್ತಿದೆಯಾ? ಎರಡೂ ಇಲ್ಲದಿದ್ದರೆ ಹೆಡ್ ಕಡೆ ತೊಂದರೆ ಇರೋ ಸಾಧ್ಯತೆ ಕಡಿಮೆ, ಮೊದಲು ವಾಟರ್ ಪಂಪ್ (ಕೂಲೆಂಟನ್ನು ಇಂಜಿನ್ ಒಳಗೆ ಓಡಿಸುವ ಪಂಪ್) ನೋಡಿ.

ಫ್ಯಾನ್ ಹಿಂದೆ ಪಂಪ್ ಬಾಡಿಯ ಅಡಿಯಲ್ಲಿ ಒಂದು ಸಣ್ಣ ತೂತು ಇದೆ. ಅದನ್ನು ಬೇಕಂತಲೇ ಬಿಟ್ಟಿರುತ್ತಾರೆ, ಒಳಗಿನ ಸೀಲ್ ಸವೆದಾಗ ನೀರು ಬೇರಿಂಗ್‌ಗೆ ನುಗ್ಗದೆ ಆಚೆ ಬರಲಿ ಅಂತ. ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಅಲ್ಲಿ ಬೆರಳಾಡಿಸಿ. ಒದ್ದೆ ಇದ್ದರೆ, ಅಥವಾ ಸುತ್ತ ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಸೀಲ್ ಹೋಗಿದೆ ಅಂತಲೇ ಅರ್ಥ. ಆ ತೂತಿಗೆ ಎಂ-ಸೀಲ್ ಮೆತ್ತುವವರಿದ್ದಾರೆ. ದಯವಿಟ್ಟು ಬೇಡ. ನೀರು ಬೇರಿಂಗ್ ತಿಂದುಹಾಕುತ್ತದೆ, ಆಮೇಲೆ ಫ್ಯಾನ್ ಅಲ್ಲಾಡಿ ರೇಡಿಯೇಟರ್ ಹರಿದುಬಿಡಬಹುದು.

ಅರಿಶಿನ ದಾರಿ ಮಧ್ಯೆ ಸಿಕ್ಕಿಹಾಕಿಕೊಂಡಾಗ ಮನೆ ಸೇರೋಕೆ ಮಾತ್ರ. ಇಲ್ಲಿ ಸುಮ್ನೆ ರೇಡಿಯೇಟರ್‌ನ ಸಣ್ಣ ಟ್ಯೂಬ್ ಕಟ್ಟಿಕೊಳ್ಳುತ್ತವೆ.

ಪ್ರಶ್ನೆ: ತೂತಿನಿಂದಲೇ ಬರ್ತಿದೆ ಸರ್! ಫ್ಯಾನ್ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಟ ಕೂಡ ಇದೆ. ಸೀಲ್ ಮಾತ್ರ ಹಾಕಿಸಿದರೆ ಸಾಕಾ?

ಉತ್ತರ: ಆಟ ಇದೆ ಅಂದರೆ ಬೇರಿಂಗೂ ಹೋಗಿದೆ. ಪಂಪ್ ಪೂರ್ತಿ ಬದಲಾಯಿಸಿ, ಅಥವಾ ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಇರುವ ಕಡೆ ಸೀಲ್, ಬೇರಿಂಗ್ ಎರಡೂ ಹಾಕಿಸಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸೋಕೆ ಬಿಡಬೇಡಿ, ಹೊಸ ಸೀಲ್ ಅಲ್ಲೇ ಹಾಳಾಗುತ್ತದೆ. ಪಂಪ್ ಕೂರುವ ಇಂಜಿನ್ ಬ್ಲಾಕ್ ಮುಖದ ಮೇಲಿನ ಹಳೆ ಗ್ಯಾಸ್ಕೆಟ್ (ನಡುವೆ ಸೋರದಂತೆ ಇಡುವ ಪದರ) ಚೂರುಗಳನ್ನು ಪೂರ್ತಿ ಕೆರೆದು ತೆಗೆಯಿರಿ, ಒಂದು ಚೂರು ಉಳಿದರೂ ಅಲ್ಲಿಂದ ಮತ್ತೆ ಸೋರುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ನೀರು ಖಾಲಿ ಮಾಡಿದಾಗ ಬ್ಲಾಕ್ ಪಕ್ಕದ ವೆಲ್ಷ್ ಪ್ಲಗ್‌ಗಳನ್ನೂ (ಬ್ಲಾಕ್‌ನ ತೂತು ಮುಚ್ಚುವ ಲೋಹದ ಬಿಲ್ಲೆಗಳು) ನೋಡಿಬಿಡಿ, ತುಕ್ಕಿನ ಗೆರೆ ಇಳಿದಿದ್ದರೆ ಅವನ್ನೂ ಈಗಲೇ ಬದಲಾಯಿಸೋದು ಒಳ್ಳೆಯದು. ಬೋರ್‌ವೆಲ್ ನೀರು ತುಂಬಬೇಡಿ. ಇದು ಎರಕದ ಕಬ್ಬಿಣದ ಇಂಜಿನ್, ಒಳಗೆ ತುಕ್ಕು ಮತ್ತು ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧ ಅರ್ಧ ಹಾಕಿ. ಫ್ಯಾನ್ ಬೆಲ್ಟನ್ನು ಉದ್ದದ ಕಡೆ ಮಧ್ಯದಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಿಗಿ ಮಾಡಿದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ.