ಆಡಿಟರ್ ಕೊಟ್ಟ ಬ್ರೇಕ್ ಈವನ್ ಚಾರ್ಟ್ ನಂಬಬಹುದಾ? ಅನುಭವ ಇದ್ದವರು ಹೇಳಿ

ಸಾಗರದ ಹುಡುಗಿ:
ಊರಲ್ಲೇ ಅಡಿಕೆ ಹಾಳೆ ತಟ್ಟೆ ಯೂನಿಟ್ ಹಾಕಬೇಕು ಅಂತಿದ್ದೇನೆ. ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಕೇಳಿದರು, ಆಡಿಟರ್ ಮಾಡಿಕೊಟ್ಟರು. ತಿಂಗಳ ಕಾಯಂ ಖರ್ಚು 42,000. ತಟ್ಟೆಗೆ 4 ರೂಪಾಯಿ ಬರುತ್ತದೆ, 2.60 ಹೋಗುತ್ತದೆ, 1.40 ಉಳಿಯುತ್ತದೆ. ಹಾಗಾಗಿ 30,000 ತಟ್ಟೆಗೆ ಬ್ರೇಕ್ ಈವನ್, ಅಂದರೆ ಅಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚಾರ್ಟಿನಲ್ಲಿ ಮಾರಾಟದ ಗೆರೆ ಸೊನ್ನೆಯಿಂದ ಹೊರಡುತ್ತದೆ, ಒಟ್ಟು ಖರ್ಚಿನ ಗೆರೆ ಮಾತ್ರ ಮೇಲಿಂದ ಹೊರಡುತ್ತದೆ. ಅದು ಯಾಕೆ? ಮತ್ತೆ ಈ 30,000 ನಂಬಿ ಸಾಲ ತೆಗೆಯಬಹುದಾ?

ಸುಳ್ಯದ ಹಾಳೆ:
ಮಾರಾಯ್ರೇ, ಇದೇ ಚಾರ್ಟ್ ನಂಬಿ ನಾನು ಕೆಟ್ಟಿದ್ದೇನೆ. ನನ್ನದು ಕಾಯಂ ಖರ್ಚು 28,000, ತಟ್ಟೆಗೆ ಉಳಿಯುವುದು 1.40. ಲೆಕ್ಕಕ್ಕೆ 20,000 ತಟ್ಟೆ ಸಾಕು. ಆದರೆ ನೂರು ಒತ್ತಿದರೆ ಹನ್ನೆರಡು ಬಿರುಕು, ತೂತು. ಅವಕ್ಕೂ ಹಾಳೆ ಹೋಯಿತು, ಕರೆಂಟ್ ಹೋಯಿತು, ಒತ್ತಿದವರ ಕೂಲಿ ಹೋಯಿತು. 2.10 ಖರ್ಚು ಅಂದುಕೊಂಡದ್ದು ಮಾರುವ ತಟ್ಟೆಗೆ 2.39 ಆಯಿತು. ಬ್ರೇಕ್ ಈವನ್ 25,000 ದಾಟಿತು.

ಅದಾದರೂ ಸಹಿಸಬಹುದು. ಮಳೆಗಾಲದಲ್ಲಿ ಒಣ ಹಾಳೆ ಎಲ್ಲಿ ಸಿಗುತ್ತದೆ? ಬೇಸಿಗೆಯಲ್ಲೇ ನಗದು ಕೊಟ್ಟು ರಾಶಿ ಹಾಕಬೇಕು. 12,000 ಹಾಳೆ ಹಾಕಿದ್ದೆ. ಶೀಟು ಸೋರಿ 7,000ಕ್ಕೆ ಬೂಷ್ಟು ಹಿಡಿಯಿತು. ತೊಳೆದು ಒಣಗಿಸಿದೆ, ಕಲೆ ಹೋಗಲಿಲ್ಲ. ಕೊನೆಗೆ ಬಚ್ಚಲ ಒಲೆಗೆ ಹಾಕಿದೆ. ಚಾರ್ಟಿನಲ್ಲಿ ಜುಲೈ ತಿಂಗಳು ಅಂತ ಒಂದು ಗೆರೆ ಇದೆಯಾ? 2021ರಲ್ಲಿ ಮೆಷಿನ್ ಕೊಟ್ಟುಬಿಟ್ಟೆ, ತಂದ ಬೆಲೆಯ ಮೂರರಲ್ಲಿ ಒಂದು ಪಾಲಿಗೆ. ಆಮೇಲೆ 2025ರ ಮೇನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆ ಊಟಕ್ಕೆ ಸುರಕ್ಷಿತವಲ್ಲ ಅಂದಿತು. ರಫ್ತು ನಂಬಿ ಕೂತವರ ಚಾರ್ಟ್ ಏನಾಗಿರಬೇಕು?

ದಾವಣಗೆರೆ ಕಾವಲಿ:
ಚಾರ್ಟ್ ಸರಿಯಾಗಿ ಓದಿದರೆ ಯಾರೂ ಕೆಡುವುದಿಲ್ಲ ರೀ. ನನ್ನದು ದೋಸೆ ಹೋಟೆಲ್. ಕಾಯಂ ಖರ್ಚು 90,000, ಪ್ಲೇಟಿಗೆ ಸರಾಸರಿ 18 ರೂಪಾಯಿ ಉಳಿಯುತ್ತದೆ. ತಿಂಗಳಿಗೆ 5,000 ಪ್ಲೇಟಿಗೆ ಅಸಲು. 9,000 ಹೋದರೆ ಕೈಗೆ 72,000. ಅಲ್ಲಿಗೆ ಒಂದು ಕಾವಲಿ, ಇರುವ ಭಟ್ಟರು ಸಾಕು. ಅದರ ಮೇಲೆ ಹೋಗಬೇಕೆಂದರೆ ಇನ್ನೊಬ್ಬ ಭಟ್ಟರು, ಒಬ್ಬ ಹುಡುಗ, ಸೇರಿ 36,000. ಆಡಿಟರ್ ಚಾರ್ಟಿನಲ್ಲಿ ಕಾಯಂ ಖರ್ಚಿನ ಗೆರೆ ನೆಟ್ಟಗೆ ಮಲಗಿರುತ್ತದೆ. ನಿಜದಲ್ಲಿ ಅದು ಮೆಟ್ಟಿಲು. ಹಳೇ 72,000ಕ್ಕೆ ವಾಪಸ್ ಬರಲು ಇನ್ನೂ 2,000 ಪ್ಲೇಟ್ ಹೋಗಬೇಕು. ನಾನು ಏರಲಿಲ್ಲ. ದಿನಕ್ಕೆ 300 ಮುಗಿದರೆ 'ಖಾಲಿ' ಬೋರ್ಡ್. ಎದುರುಗಡೆಯವನು ಏರಿದ, ಈಗ ಅಂಗಡಿ ಬಾಡಿಗೆಗೆ ಇದೆ.

ಧಾರವಾಡದ ಬಿ.ಕಾಂ ಮೇಷ್ಟ್ರು:
ಇಬ್ಬರೂ ಚಾರ್ಟಿಗೆ ಬೈಯುತ್ತಿದ್ದೀರಿ. ಅದು ಒಂದು ವ್ಯಾಪ್ತಿಯೊಳಗೆ ಮಾತ್ರ ನಡೆಯುತ್ತದೆ ಅಂತ ಮೊದಲ ಕ್ಲಾಸಿನಲ್ಲೇ ಹೇಳುತ್ತೇವೆ. ಮಾರ್ಜಿನ್ ಆಫ್ ಸೇಫ್ಟಿ, ಅಂದರೆ ಮಾರಾಟ ಬ್ರೇಕ್ ಈವನ್ ದಾಟಿ ಎಷ್ಟು ಮೇಲಿದೆ ಅಂತ, ನೋಡಿದ್ದೀರಾ? ನಾನು ರಿಟೈರ್ ಆದ ಮೇಲೆ ಜೆರಾಕ್ಸ್ ಅಂಗಡಿ ಹಾಕಿದೆ. ಮೊದಲ ತಿಂಗಳಿಂದಲೇ ಬ್ರೇಕ್ ಈವನ್ ದಾಟಿದೆ. ನಾನೂ ನನ್ನ ಮನೆಯವರೂ ಸರದಿ ಮೇಲೆ ಕೂರುತ್ತೇವೆ, ಸಂಬಳದ ಖರ್ಚೇ ಇಲ್ಲ.

ತಿಪಟೂರಿನ ಟೈಲರಮ್ಮ:
ಮೇಷ್ಟ್ರೇ, ನಿಮ್ಮ ಮನೆಯವರು ದಿನಾ ಐದು ತಾಸು ಕೂತರೆ ಅದು ಖರ್ಚಲ್ವಾ? ಕೆಲಸಕ್ಕೆ ಹುಡುಗನನ್ನು ಇಟ್ಟು ನೋಡಿ, ಆಗ ಗೊತ್ತಾಗುತ್ತದೆ ಎಲ್ಲಿ ದಾಟಿದ್ದೀರಿ ಅಂತ. ನಾನೂ ನಾಲ್ಕು ವರ್ಷ ಹೀಗೇ ಲಾಭ ಅಂದುಕೊಂಡು ಹೊಲಿದೆ. ನನ್ನ ಕೂಲಿ ತಿಂಗಳಿಗೆ 12,000 ಹಾಕಿ ನೋಡಿದರೆ ಅಷ್ಟೂ ವರ್ಷ ನಷ್ಟ. ಬೆನ್ನು ನೋವು ಬೇರೆ.

ಸಾಗರದ ತಂಗೀ, ಬೀಗ ಹಾಕಿ ಮನೆಯಲ್ಲಿ ಕೂತರೂ ಬಾಡಿಗೆ ಕಟ್ಟಬೇಕಲ್ಲ, ಅದಕ್ಕೇ ಒಟ್ಟು ಖರ್ಚಿನ ಗೆರೆ 42,000ದಿಂದ ಹೊರಡುತ್ತದೆ.

ದಾವಣಗೆರೆ ಕಾವಲಿ:
ಕಾಯಂ ಖರ್ಚಿಗೆ ಸಾಲದ ಕಂತನ್ನೂ ಸೇರಿಸಿಕೊಳ್ಳಿ. ನಾನು 14,500 ಕಟ್ಟುತ್ತಿದ್ದೆ.

ಧಾರವಾಡದ ಬಿ.ಕಾಂ ಮೇಷ್ಟ್ರು:
ತಪ್ಪು. ಬಡ್ಡಿ ಮಾತ್ರ ಖರ್ಚು. ಅಸಲಿನ ಮರುಪಾವತಿ ಖರ್ಚಲ್ಲ. ಅದರ ಬದಲು ಮೆಷಿನ್ ಸವಕಳಿ ಹಾಕಬೇಕು.

ಸುಳ್ಯದ ಹಾಳೆ:
ಇದನ್ನು ಬ್ಯಾಂಕಿನಿಂದ ಫೋನ್ ಬಂದಾಗ ಹೇಳಿ ಸರ್. 'ಅಸಲು ಖರ್ಚಲ್ಲ, ಮುಂದಿನ ತಿಂಗಳು ಬನ್ನಿ' ಅಂತ.

ಧಾರವಾಡದ ಬಿ.ಕಾಂ ಮೇಷ್ಟ್ರು:
ನಗದಿನ ಬ್ರೇಕ್ ಈವನ್ ಬೇರೆ, ಲೆಕ್ಕದ ಬ್ರೇಕ್ ಈವನ್ ಬೇರೆ. ಎರಡನ್ನೂ ಕಲಸಿ ಅಂಬಲಿ ಮಾಡಬೇಡಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ತಿಪಟೂರಿನ ಟೈಲರಮ್ಮ:
ಮೂವತ್ತು ವರ್ಷ ಪಾಠ ಮಾಡಿ ಹೆಂಡತಿಗೆ ಸಂಬಳ ಹಾಕುವುದು ಗೊತ್ತಾಗಲಿಲ್ಲ.

ಧಾರವಾಡದ ಬಿ.ಕಾಂ ಮೇಷ್ಟ್ರು:
ಮನೆ ವಿಷಯಕ್ಕೆ ಬರಬೇಡಿ. ಮೊದಲು ದಾವಣಗೆರೆಯವರು ಹೇಳಲಿ, ದೋಸೆಗೆ ಬೆಣ್ಣೆ ಹಾಕಿ 18 ಹೇಗೆ ಉಳಿಯುತ್ತದೆ? ಅದು ಬೆಣ್ಣೆಯೇನಾ?

ದಾವಣಗೆರೆ ಕಾವಲಿ:
ಏನ್ ಮೇಷ್ಟ್ರೇ, ಡಾಲ್ಡಾ ಅಂತೀರಾ? ಬಂದು ನೋಡ್ರಿ. ಬೆಣ್ಣೆ ಡಬ್ಬಿ ಕಾವಲಿ ಪಕ್ಕದಲ್ಲೇ ಇರುತ್ತದೆ.

ಸಾಗರದ ಹುಡುಗಿ:
ಅಕ್ಕಾ, ಗೆರೆ ಅರ್ಥ ಆಯಿತು, ಥ್ಯಾಂಕ್ಸ್. ರಿಪೋರ್ಟ್ ಮತ್ತೆ ನೋಡಿದೆ. ನನ್ನ ಸಂಬಳ ಇಲ್ಲ, ಹಾಳಾಗುವ ತಟ್ಟೆ ಇಲ್ಲ. ಎರಡೂ ಹಾಕಿ ವಾಪಸ್ ಕೊಡಿ ಅಂತ ಆಡಿಟರಿಗೆ ಹೇಳಿದ್ದೇನೆ. ಸುಳ್ಯದವರೇ, ಗೋಡೌನಿಗೆ ಯಾವ ಶೀಟು ಹಾಕಿದ್ದಿರಿ?

ಸುಳ್ಯದ ಹಾಳೆ:
ಶೀಟಿನ ಕತೆ ಆಮೇಲೆ. ಆ ಡಬ್ಬಿಯ ಮೇಲೆ ಏನು ಬರೆದಿದೆ, ಮೊದಲು ಅದನ್ನು ಓದಿ ಹೇಳಲಿ ಅವರು.